ಸತ್ತ ಪೈರಿನ ಲೆಕ್ಕ

ಸೋಮವಾರ ಬೆಳಿಗ್ಗೆ ನಾಗಮಂಗಲದಿಂದ ಬಂದು ಬಸ್ಸಿಳಿದ ರಮ್ಯ ಹಾಸ್ಟೆಲ್ಲಿಗೂ ಹೋಗದೆ, ಬ್ಯಾಗು ಹೆಗಲಲ್ಲಿದ್ದಂತೆಯೇ ಗದ್ದೆಯ ಬದುವಿಗೆ ಬಂದು ನಿಂತಳು. ಗದ್ದೆ ತುಂಬಿ ನಿಂತಿತ್ತು. ಒಂದು ಬುಡವೂ ಖಾಲಿ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಣ್ಣು ತಣ್ಣಗಾಗುತ್ತಿತ್ತು. ರಮ್ಯ ಮಾತ್ರ ಖಾಲಿ ಜಾಗಕ್ಕಾಗಿ ಸಾಲು ಸಾಲೂ ಹುಡುಕಿದಳು.

ಪಾಂಡವಪುರದ ಪಕ್ಕದ ಕೃಷಿ ಡಿಪ್ಲೊಮಾ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ, ತೊಂಬತ್ತಾರನೇ ಇಸವಿ. ನಾಲೆಯ ನೀರು ಬಸಿದು ಬಸಿದು ಚೌಳಾದ ಈ ತುಂಡು ಗದ್ದೆಯಲ್ಲಿ ಮೂರು ತಳಿಯ ಭತ್ತ ನಾಟಿ ಮಾಡಿಸಿ, ಇಪ್ಪತ್ತನೇ ದಿನಕ್ಕೆ ಯಾವ ತಳಿಯಲ್ಲಿ ಎಷ್ಟು ಸತ್ತಿದೆ ಎಂದು ಎಣಿಸುವುದು ಅವಳ ಪ್ರಾಜೆಕ್ಟು. ಇಪ್ಪತ್ತನೇ ದಿನ ಇವತ್ತೇ. ಮಧ್ಯಾಹ್ನ ಮುನಾವರ್ ಪಾಷಾ ಮೇಷ್ಟ್ರು ನೋಡಲು ಬರುತ್ತಾರೆ. ಸತ್ತದ್ದೇ ಇಲ್ಲವೆಂದರೆ ಪ್ರಾಜೆಕ್ಟೂ ಇಲ್ಲ, ಈ ವರ್ಷವೂ ಇಲ್ಲ. ಅಜ್ಜಿಗೆ ಜ್ವರವೆಂದು ಎರಡು ದಿನ ಊರಿಗೆ ಹೋದದ್ದೇ ತಪ್ಪಾಯಿತೇನೋ.

ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಕಾಲೇಜಿನ ಆಳು ಪುಟ್ಟಲಕ್ಷ್ಮಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು.

"ಬಂದ್ಯಾ ಮಗ? ನೋಡು ನಿನ್ ಗದ್ದೆಯ! ಅಲ್ಲಲ್ಲೇ ಓಗ್ಬುಟ್ಟಿತ್ತು ಕಣವ್ವ, ಬಾಯಲ್ಲಿ ಅಲ್ಲುದುರ್ದಂಗೆ. ಮೇಷ್ಟ್ರು ನಿನ್ನ ಬೈದಾರು ಅಂತ ಸನಿವಾರ ಮಡೀಲಿ ಮಿಕ್ಕಿದ್ ಪೈರು ತಂದು ಎಲ್ಲಾನೂ ತುಂಬ್ಬುಟ್ಟೆ."

"ಅಕ್ಕಾ! ನಾನು ಎಣಿಸ್ಬೇಕಾಗಿದ್ದೇ ಸತ್ತಿದ್ದನ್ನ!"

"ಸತ್ತಿದ್ದ ಎಣ್ಸಿ ಏನ್ ಮಾಡೀಯೆ? ಬದುಕಿರೋದ ಎಣ್ಸಾಕಿಲ್ವಾ ಯಾರಾದ್ರೂವೆ? ರಾಗಿ ಸೀಮೆಯೋಳ ಕೈಗೆ ಗದ್ದೆ ಕೊಟ್ರೆ ಇಂಗೇಯ."

ಚೌಳಿನಲ್ಲಿ ಯಾವ ತಳಿ ತಡೆಯುವುದಿಲ್ಲವೆಂದು ರೈತರಿಗೆ ಹೇಳುವುದಕ್ಕೆ ಈ ಲೆಕ್ಕ ಬೇಕೆಂದು ರಮ್ಯ ವಿವರಿಸಿದಾಗ ಪುಟ್ಟಲಕ್ಷ್ಮಮ್ಮನ ನಗು ನಿಂತಿತು. ನಾಟಿ ಗದ್ದೆಯಲ್ಲಿ ಖಾಲಿ ಬಿಡುವುದೆಂದರೆ ಅವಳಿಗೆ ಪಂಕ್ತಿಯಲ್ಲಿ ಒಂದು ಎಲೆ ಬಿಟ್ಟು ಬಡಿಸಿದಂತೆ. ಹಾಗೆ ಬಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಮ್ಯಳೂ ಹೇಳಿರಲಿಲ್ಲ.

"ನಾನೇ ಊರಿದ್ದು, ನಾನೇ ಕೀಳ್ತೀನಿ ಬುಡು," ಎಂದು ಪುಟ್ಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡಳು.

"ಯಾವುದು ನಿಮ್ದು, ಯಾವುದು ಮೊದಲಿಂದು ಅಂತ ಗೊತ್ತಾಗೋದು ಹೆಂಗೆ?"

"ನಾಟಿ ದಿನ ಬುಡಕ್ಕೆ ಎಲ್ಡೇ ಪೈರು ಅಂತ ನನ್ ಪ್ರಾಣ ತಿಂದಿದ್ದೆಯಲ್ಲ, ಮರ್ತೋಯ್ತಾ? ಸನಿವಾರ ನೀನಿರ್ನಿಲ್ಲ. ಕೈಗೆ ಬಂದಂಗೆ ನಾಕು ಐದು ಊರ್ದೆ. ಎಲ್ಡೇ ಊರುದ್ರೆ ಜೀವಕ್ಕೆ ಸಮಾಧಾನ ಇಲ್ಲ ಕಣವ್ವ."

ರಮ್ಯ ಬ್ಯಾಗನ್ನು ಬದುವಿನ ಮೇಲಿಟ್ಟು ಗದ್ದೆಗಿಳಿದಳು. ಇಬ್ಬರೂ ಸಾಲು ಹಿಡಿದು ಹೊರಟರು. ಪುಟ್ಟಲಕ್ಷ್ಮಮ್ಮ ತೋರಿಸಿದ ಪ್ರತಿ ಬುಡವನ್ನೂ ರಮ್ಯ ಬಗ್ಗಿ ನೋಡಿದಳು. ಸಣ್ಣ ದಂಟು, ಹಳದಿ ಎಲೆ, ನಾಲ್ಕೋ ಐದೋ ಪೈರು. ಇನ್ನೂ ಬೇರೂರದ ಅವು ಎರಡು ಬೆರಳಿಗೇ ಎದ್ದು ಬರುತ್ತಿದ್ದವು. ಒಂದನೇ ತಳಿಯಲ್ಲಿ ಅರವತ್ತೊಂದು, ಎರಡನೆಯದರಲ್ಲಿ ತೊಂಬತ್ತನಾಲ್ಕು, ಮೂರನೆಯದರಲ್ಲಿ ಹನ್ನೆರಡು. ನಂಬಿಕೆ ಬಾರದೆ ಬದುವಿನ ಮೇಲಿನ ಗುಡ್ಡೆಗಳನ್ನು ಇನ್ನೊಮ್ಮೆ ಎಣಿಸಿದಳು. ಆಮೇಲೆ ನಡೆದದ್ದೆಲ್ಲವನ್ನೂ ರೆಕಾರ್ಡಿನಲ್ಲಿ ಬರೆದು, ಕೊನೆಗೆ ಒಂದು ಸಾಲು ಸೇರಿಸಿದಳು: 'ಖಾಲಿ ಬಿಡಬೇಕೆಂದು ನಾನು ಮೊದಲೇ ತಿಳಿಸದಿದ್ದುದು ತಪ್ಪು.'

ಪಾಷಾ ಮೇಷ್ಟ್ರು ಲೂನಾ ನಿಲ್ಲಿಸಿ, ಬದುವಿನ ಮೇಲೆ ನಿಂತೇ ರೆಕಾರ್ಡು ಓದಿದರು.

"ಏನಮ್ಮಾ ಇದು? ಸತ್ತೋರನ್ನ ಎಬ್ಬಿಸಿ, ಮತ್ತೆ ಸಾಯಿಸಿದ್ದೀರಾ? ನಾನು ಹೇಗೆ ನಂಬ್ಲಿ?"

ರಮ್ಯ ಬದುವಿನ ಮೇಲಿನ ಗುಡ್ಡೆಗಳನ್ನು ತೋರಿಸಿದಳು. ಮೇಷ್ಟ್ರು ಪ್ಯಾಂಟು ಮಡಚಿ ಗದ್ದೆಗಿಳಿದು ಮೂರನೇ ತಳಿಯ ಒಂದು ಬುಡಕ್ಕೆ ಕೈ ಹಾಕಿದರು.

"ಅದು ಮೊದಲಿಂದು ಸಾ," ಎಂದಳು ಪುಟ್ಟಲಕ್ಷ್ಮಮ್ಮ. "ಬರಾಕಿಲ್ಲ."

ಬರಲಿಲ್ಲ. ಎಲೆಯ ತುದಿ ಮಾತ್ರ ಕೈಗೆ ಬಂತು.

"ಅದರ ಪಕ್ಕದ್ದು ನಂದು. ಸಾಕ್ಸಿಗೆ ಇರ್ಲಿ ಅಂತ ಒಂದ ಬುಟ್ಟಿವ್ನಿ."

ಅದು ಸಲೀಸಾಗಿ ಎದ್ದು ಬಂತು. ಮೇಷ್ಟ್ರು ಪೈರು ಬಿಡಿಸಿ ನೋಡಿದರು. ಐದು.

"ಅದನ್ನೂ ಆ ಹನ್ನೆರಡರಲ್ಲೇ ಸೇರಿಸಿದ್ದೀನಿ ಸಾರ್," ಎಂದು ರಮ್ಯ ತಟ್ಟನೆ ಹೇಳಿದಳು. ಮೇಷ್ಟ್ರು ಮೀಸೆಯಲ್ಲೇ ನಕ್ಕು ಕೈ ತೊಳೆದುಕೊಂಡು ಸಹಿ ಹಾಕಿದರು.

"ಇನ್ಮೇಲೆ ಊರಿಗೆ ಹೋಗೋ ಮುಂಚೆ ಪುಟ್ಟಲಕ್ಷ್ಮಮ್ಮಂಗೆ ಹೇಳಿ ಹೋಗಮ್ಮ."

ಲೂನಾದ ಸದ್ದು ದೂರವಾಗುವವರೆಗೂ ಪುಟ್ಟಲಕ್ಷ್ಮಮ್ಮ ಗದ್ದೆಯ ಖಾಲಿ ಜಾಗಗಳನ್ನೇ ನೋಡುತ್ತ ನಿಂತಿದ್ದಳು.

"ಎಣ್ಸಿದ್ದಾಯ್ತಲ್ಲ ಮಗ. ಈಗ್ಲಾದ್ರೂ ತುಂಬ್ಲಾ?"

ರಮ್ಯ ರೆಕಾರ್ಡನ್ನು ಬ್ಯಾಗಿಗೆ ಸೇರಿಸಿ ಮತ್ತೆ ಕೆಸರಿಗಿಳಿದಳು. ಗುಡ್ಡೆಯಿಂದ ಎರಡು ಪೈರು ಆರಿಸಿ ಬಗ್ಗಿದಳು. ಪುಟ್ಟಲಕ್ಷ್ಮಮ್ಮ ಅವಳ ಕೈಗೆ ಇನ್ನೆರಡು ಪೈರು ತುರುಕಿದಳು.