ಚಿಲುಮೆಯ ಒದ್ದೆ ಬಟ್ಟೆ

ನಾಸಿಕದ ಪಂಚವಟಿ ಘಾಟಿನಲ್ಲಿ ಚಿಲುಮೆ ಸೇದುವವರ ನಡುವೆ ಒಂದು ಕಥೆ ಓಡಾಡುತ್ತದೆ. ಅದನ್ನು ನಾನು ಮೂವರ ಬಾಯಿಂದ ಕೇಳಿ ಬರೆದುಕೊಂಡಿದ್ದೇನೆ. ಎಲ್ಲರಿಗಿಂತ ಪೂರ್ಣವಾಗಿ ಹೇಳಿದವರು ವೈಜನಾಥ. ಬೀದರ ಜಿಲ್ಲೆಯಿಂದ ಬಂದು ನಾಸಿಕ್ ರೋಡಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವರು. ಕಥೆ ಇಷ್ಟು: ಹಾಲಾಹಲ ಕುಡಿದ ಶಿವನ ಎದೆ ಉರಿಯತೊಡಗಿತು. ಉರಿ ಆರಲೆಂದು ಅವನು ಗಾಂಜಾದ ಹೊಗೆ ಎಳೆದ. ಹೊಗೆಯಲ್ಲೂ ವಿಷವಿದ್ದೀತೆಂದು ಹೆದರಿದ ಗಂಗೆ ಜಟೆಯಿಂದ ಬಾಗಿ, ತನ್ನ ಒದ್ದೆ ಸೆರಗನ್ನು ಚಿಲುಮೆಯ ಬುಡಕ್ಕೆ ಸುತ್ತಿದಳು. ಕೆಟ್ಟದ್ದೆಲ್ಲ ಸೆರಗಿನಲ್ಲೇ ನಿಂತಿತು; ಎದೆಗಿಳಿದದ್ದು ತಂಪು ಮಾತ್ರ. ಅದಕ್ಕೇ ಇಂದಿಗೂ ಚಿಲುಮೆಗೆ ಒದ್ದೆ ಬಟ್ಟೆ ಸುತ್ತಿ ಸೇದುತ್ತಾರೆ. ಆ ಬಟ್ಟೆಗೆ ಸಾಫಿ ಎಂದು ಹೆಸರು.

ಕಳೆದ ಚಳಿಗಾಲದಲ್ಲಿ ವೈಜನಾಥರು ನನ್ನನ್ನು ಕರೆಸಿ, ಕಥೆ ಅಲ್ಲಿಗೆ ಮುಗಿದಿಲ್ಲ, ಉಳಿದದ್ದನ್ನೂ ಬರೆದುಕೊಳ್ಳಬೇಕು ಎಂದರು. ಅವರ ಹೆಂಡತಿ ಪಾರ್ವತಿಬಾಯಿ ಪಕ್ಕದಲ್ಲಿ ಕುಳಿತು ಅಲ್ಲಲ್ಲಿ ತಿದ್ದುತ್ತಿದ್ದರು. ಇಬ್ಬರ ಮಾತು ಬೇರೆಯಾದ ಕಡೆ ಎರಡನ್ನೂ ಕೊಟ್ಟಿದ್ದೇನೆ.

ವೈಜನಾಥರು ಹದಿನಾಲ್ಕು ವರ್ಷದಿಂದ ಪ್ರತಿ ಸೋಮವಾರ ಪಂಚವಟಿಗೆ ಹೋಗುತ್ತಿದ್ದರು. ಮನೆಯಲ್ಲಿ ಅದು ದೇವರ ದರ್ಶನ. ದರ್ಶನವಾದ ಮೇಲೆ ಘಾಟಿನ ಮೆಟ್ಟಿಲ ಮೇಲೆ ಬಾಬಾ ಒಬ್ಬರ ಜೊತೆ ಚಿಲುಮೆ. ಗಾಂಜಾದ ಜೊತೆ ಅರ್ಧಕ್ಕರ್ಧ ತಂಬಾಕು ಸೇರಿಸಿ ಅಂಗೈಯಲ್ಲಿ ತಿಕ್ಕುವ ಕೆಲಸ ಇವರದೇ. ಆದರೂ ತಾವು ಸೇದುವವರು ಎಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ. ಬೀಡಿ ಚಟ, ಚಿಲುಮೆ ಪ್ರಸಾದ. ವಾಪಸಾಗುವ ಮುಂಚೆ ಸಾಫಿಯನ್ನು ಗೋದಾವರಿಯಲ್ಲಿ ಜಾಲಿಸಿ, ಅದರಿಂದ ಇಳಿಯುವ ಕಂದು ನೀರನ್ನು ನೋಡಿ, ಕೆಟ್ಟದ್ದು ಹೋಯಿತು ಎಂದುಕೊಳ್ಳುತ್ತಿದ್ದರು. ಉಳಿದ ಕಲೆಯನ್ನು ಪಾರ್ವತಿಬಾಯಿ ಮನೆಯಲ್ಲಿ ಒಗೆಯುತ್ತಿದ್ದರು. ದೀಪ ಒರೆಸುವ ಬಟ್ಟೆಯೆಂದು ಆಕೆ ನಂಬಿದ್ದರೆಂದು ವೈಜನಾಥರ ಹೇಳಿಕೆ.

"ನಂಬಿದ್ದಿಲ್ಲರಿ," ಎಂದರು ಪಾರ್ವತಿಬಾಯಿ. "ದೀಪದ ಎಣ್ಣಿಗೆ ಆ ನಾತ ಎಲ್ಲಿಂದ ಬರಬೇಕು? ಕೇಳಿದ್ರ ಸುಳ್ಳು ಹೇಳ್ತಾರ, ಸುಮ್ನ ಯಾಕ ಪಾಪ ಮಾಡಸೋದಂತ ಬಿಟ್ಟಿದ್ದೆ."

ವೈಜನಾಥರ ತಮ್ಮ ಓಂಕಾರ, ಛತ್ರಪತಿ ಸಂಭಾಜಿನಗರದಲ್ಲಿ ಮನೆ ಕಟ್ಟಿಸಿದ್ದು ಹನ್ನೆರಡು ವರ್ಷದ ಹಿಂದೆ. ಗೃಹಪ್ರವೇಶದ ದಿನ ಲಿಂಗಪೂಜೆಗೆ ಕೂಡುವ ಹೊತ್ತಿನಲ್ಲಿ ಅವನ ಅಂಗಿಯ ಕಿಸೆಯಿಂದ ಬೀಡಿಕಟ್ಟು ಜಾರಿ ಬಿತ್ತು. ಜಂಗಮರು, ಬೀಗರು ಎಲ್ಲರೂ ಕುಳಿತಿದ್ದರು. ವೈಜನಾಥರು ಎದ್ದು ಬೀಡಿಗಳನ್ನು ಒಂದೊಂದಾಗಿ ಮುರಿದು ಹೊಸ್ತಿಲಾಚೆ ಎಸೆದರು.

"ಹೊಗಿ ಹಿಡದ ಕೈಲೆ ಲಿಂಗಾ ಮುಟ್ಟತೀಯೇನೋ? ಮೊದಲ ಆ ಕೈ ತೊಳಕೊಂಬಾ, ಹೋಗು!"

ತನ್ನ ಹೊಸ ಮನೆಯಲ್ಲಿ, ತನ್ನ ಮಾವನ ಎದುರಿಗೆ, ಓಂಕಾರ ಎದ್ದುಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದ. ಅಂದಿನಿಂದ ಬೀಡಿ ಮುಟ್ಟಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ವೈಜನಾಥರಿಗೆ ಹಿಡಿದ ಕೆಮ್ಮು ಬಿಡಲಿಲ್ಲ. ಕಫದಲ್ಲಿ ರಕ್ತ ಕಂಡಿತು. ಓಂಕಾರನೇ ಬಂದು ಅಣ್ಣ ಅತ್ತಿಗೆಯನ್ನು ಸಂಭಾಜಿನಗರಕ್ಕೆ ಕರೆದೊಯ್ದು, ಅಲ್ಲಿಯ ಒಂದು ಆಸ್ಪತ್ರೆಗೆ ತೋರಿಸಿದ. ವೈದ್ಯೆ ಮೃದುಲಾ ಕಲಬುರಗಿ ಕಡೆಯವರು. ಎಕ್ಸರೇಯಲ್ಲಿ ಬಲಗಡೆ ಗಡ್ಡೆಯಂಥದ್ದು ಕಾಣುತ್ತಿದೆ, ನಾಳೆ ಬೆಳಿಗ್ಗೆ ಮಂಪರು ಕೊಟ್ಟು, ಗಂಟಲಿನಿಂದ ನಳಿಕೆ ಇಳಿಸಿ, ಚೂರು ತೆಗೆದು ಪರೀಕ್ಷಿಸಬೇಕು ಎಂದರು.

"ಕಾಕಾ, ಬೀಡಿ, ಸಿಗರೇಟು, ಮತ್ತೇನರ ಸೇದೋದು ಅದ ಏನ್ರಿ? ಖರೇ ಹೇಳ್ರಿ. ಮಂಪರಿನ ಔಷಧ ಎಷ್ಟು ಕೊಡಬೇಕು ಅನ್ನೋದಕ್ಕೂ ಅದು ಗೊತ್ತಿರಬೇಕು."

ವೈಜನಾಥರು ಬಾಯಿ ತೆರೆಯುವ ಮೊದಲೇ ಓಂಕಾರ ನಕ್ಕ. "ನಮ್ಮಣ್ಣಾ? ಛೇ ಛೇ, ಮೇಡಂ! ನನ್ನ ಬೀಡಿ ಬಿಡಿಸಿದವರ ಇವರು. ಮಂದ್ಯಾಗ ಮರ್ಯಾದಿ ತೆಗೆದು ಬಿಡಿಸ್ಯಾರ. ಇವತ್ತ ನನ್ನ ಎದಿ ಚಲೋ ಅದ ಅಂದ್ರ ಇವರಿಂದ."

"ಇಲ್ಲರಿ," ಎಂದರು ವೈಜನಾಥರು. ವೈದ್ಯೆ ಬರೆದುಕೊಂಡರು. ಪಾರ್ವತಿಬಾಯಿ ಗೋಡೆ ನೋಡಿದರು.

ಆಗ ಕೆಮ್ಮು ಬಂತು. ವೈಜನಾಥರು ಕಿಸೆಗೆ ಕೈಹಾಕಿ, ಸಿಕ್ಕಿದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ಅದು ಸೋಮವಾರದಿಂದ ಕಿಸೆಯಲ್ಲೇ ಉಳಿದಿದ್ದ ಸಾಫಿ. ಕೆಮ್ಮಿನ ರಭಸಕ್ಕೆ ಕೈತಪ್ಪಿ ಮೇಜಿನ ಮೇಲೆ ಬಿತ್ತು. ಎತ್ತಿಕೊಡಲು ಬಾಗಿದ ಓಂಕಾರ ಅಷ್ಟಕ್ಕೇ ನಿಂತುಬಿಟ್ಟ. ಇಪ್ಪತ್ತು ವರ್ಷ ಬೀಡಿ ಸೇದಿದ ಮೂಗಿಗೆ ತಂಬಾಕನ್ನು ಯಾರೂ ಪರಿಚಯಿಸಬೇಕಿರಲಿಲ್ಲ.

"ಇದೇನ್ರಿ ಈ ವಾಸನಿ?" ಎಂದರು ವೈದ್ಯೆ.

ಓಂಕಾರ ಬಟ್ಟೆಯನ್ನು ಮುದ್ದೆ ಮಾಡಿ ತನ್ನ ಕಿಸೆಗೆ ಹಾಕಿಕೊಂಡ. "ನಂದರಿ, ಮೇಡಂ. ಮತ್ತ ಸುರು ಮಾಡೀನಿ. ಅಣ್ಣಾಗ ಹೇಳಿದ್ದಿಲ್ಲ." ಹೀಗೆಂದವನು ಅಣ್ಣನತ್ತ ತಿರುಗಿ ಕೈಮುಗಿದ. "ತಪ್ಪಾತು, ಅಣ್ಣಾ. ಬೈಬ್ಯಾಡ."

ಇಲ್ಲಿ ವೈಜನಾಥರು ನನ್ನ ಬರಹದತ್ತ ಬೆರಳು ತೋರಿಸಿದರು. "ಆವಾಗೂ ನಾ ಕೂಡ್ಲೆ ಹೇಳಲಿಲ್ಲರಿ," ಎಂದರು. "ಮೇಡಂ ಅವನಿಗೆ ಬೈಲಿಕ್ಕೆ ಹತ್ತಿದರು. ಅಣ್ಣನ್ನ ನೋಡಿ ಕಲೀರಿ ಅಂದರು. ಅವ ತಲಿ ಕೆಳಗ ಹಾಕಿ ಹೂಂ, ಹೂಂ ಅಂದ. ಅಷ್ಟೂ ಕೇಳಿಸಿಕೊಂಡು ಕೂತೆ."

ಬಹಳ ಹೊತ್ತು ಕೂತಿದ್ದರೇ ಎಂದು ಕೇಳಿದೆ. ಒಂದು ನಿಮಿಷ ಎಂದರು ವೈಜನಾಥರು. ಪಾರ್ವತಿಬಾಯಿಯ ಪ್ರಕಾರ ಐದು ನಿಮಿಷಕ್ಕೆ ಕಡಿಮೆಯಲ್ಲ. ವೈದ್ಯೆ ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿಯಾಗಿತ್ತು.

"ಅದು ನಂದು," ಎಂದರಂತೆ ವೈಜನಾಥರು ಕೊನೆಗೆ. "ಗಾಂಜಾ. ಅರ್ಧಾ ತಂಬಾಕು. ಹದಿನಾಲ್ಕು ವರ್ಷ."

ವೈದ್ಯೆ ಬರೆದದ್ದನ್ನು ಹೊಡೆದು ಹೊಸದಾಗಿ ಬರೆದರು. ವೈಜನಾಥರು ಅವರ ಮುಖ ನೋಡದೆ ಕೇಳಿದರು: "ಇದು ಗಾಂಜಾದಿಂದ ಬಂದದ್ದೇನ್ರಿ?"

"ಇನ್ನೂ ಏನದ ಅಂತನ ಗೊತ್ತಾಗಿಲ್ಲ, ಕಾಕಾ. ಕ್ಯಾನ್ಸರ್ ಅಂತ ಬಂದರೂ ಯಾವದರಿಂದ ಅಂತ ನಾ ಆಣೆ ಮಾಡಿ ಹೇಳಲಾರೆ. ತಂಬಾಕಿಂದು ಪಕ್ಕಾ ಗೊತ್ತದ. ಗಾಂಜಾ ಒಂದರಿಂದಲೇ ಪುಪ್ಪುಸದ ಕ್ಯಾನ್ಸರ್ ಹೆಚ್ಚತದೋ ಇಲ್ಲೋ, ಸಂಶೋಧನೆ ಮಾಡಿದವರು ಒಬ್ಬೊಬ್ಬರು ಒಂದೊಂದು ಹೇಳ್ಯಾರ. ನಿಮ್ಮಂಗ ಕೂಡಿಸಿ ಸೇದವರ ಭಾಳ ಮಂದಿ. ಸೇದಿದ್ದನ್ನ ಮುಚ್ಚಿಡವರೂ ಭಾಳ. ಲೆಕ್ಕ ಹ್ಯಾಂಗ ಸಿಗಬೇಕು? ಆದರ ಅದರ ಹೊಗಿಯೊಳಗೂ ಟಾರ್ ಅದ, ಕ್ಯಾನ್ಸರ್ ತರೋ ವಸ್ತು ಅವ. ಎದಿಗೆ ಒಳ್ಳೇದಂತೂ ಅಲ್ಲ."

"ಒದ್ದಿ ಬಟ್ಟಿ ಸುತ್ತತಿದ್ದೆವರಿ."

"ಬಟ್ಟಿ ಸ್ವಲ್ಪ ಮಸಿ ಹಿಡಿತದ. ಉಳಿದದ್ದು ಒಳಗ ಹೋಗೇ ಹೋಗತದ."

ಹೊರಗಿನ ಬೆಂಚಿನ ಮೇಲೆ ಅಣ್ಣತಮ್ಮಂದಿರು ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕುಳಿತರು. ಪಾರ್ವತಿಬಾಯಿ ಆ ಜಾಗದಲ್ಲಿ ಕೂಡಲಿಲ್ಲ, ನಿಂತೇ ಇದ್ದರು. ಓಂಕಾರ ಒಂದೇ ಮಾತು ಕೇಳಿದ.

"ನನ್ನ ಬೀಡಿ ಮುರಿದಿ ನೋಡು, ಅವತ್ತೂ ಸೇದತಿದ್ದಿ?"

"ಎರಡ ವರ್ಷ ಆಗಿತ್ತು."

ಓಂಕಾರ ಎದ್ದು ಹೋದ. ಮನೆಗೇ ಹೋದನೆಂದು ವೈಜನಾಥರು ತಿಳಿದರು. ಸ್ವಲ್ಪ ಹೊತ್ತಿಗೆ ಅವನು ಅಂಗಿಯ ತೋಳು ಮಡಿಸಿಕೊಂಡು ಬಂದ. ಕೈಯಲ್ಲಿ ಹಿಂಡಿದ ಸಾಫಿ. ನಳದ ಕೆಳಗೆ ಸೋಪು ಹಚ್ಚಿ ತೊಳೆದಿದ್ದ. "ಕಲಿ ಹೋಗವಲ್ದು, ವೈನಿ," ಎಂದು ಅದನ್ನು ಅತ್ತಿಗೆಯ ಕೈಗೆ ಕೊಟ್ಟ. ಅಣ್ಣನ ಕಡೆ ನೋಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಆರಕ್ಕೆ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದವನು ಅವನೇ.

ಪರೀಕ್ಷೆಯಲ್ಲಿ ಬಂದದ್ದು ಕ್ಯಾನ್ಸರೇ. ಚಿಕಿತ್ಸೆ ನಡೆದಿದೆ. ಅದರ ಬಗ್ಗೆ ವೈಜನಾಥರು ಹೆಚ್ಚು ಹೇಳಲಿಲ್ಲ. "ಜಡ್ಡಿನ ಮಾತು ಬಿಡ್ರಿ. ಅವ ಕೈಮುಗಿದದ್ದು ಕಣ್ಣಿಂದ ಹೋಗವಲ್ದು."

ಗಂಗೆಯ ಸೆರಗಿನ ಕಥೆಯಿಂದ ನಿಮ್ಮ ಹೆಸರನ್ನು ತೆಗೆದುಹಾಕಲೇ ಎಂದು ನಾನು ಕೇಳಿದೆ. ಅವರು ಬೇಡವೆಂದರು.

"ಇರಲಿ. ಕೆಳಗ ಬರೀರಿ: ಇದನ್ನ ಹೇಳಿದಾವ ಸೇದತಿದ್ದ, ತಮ್ಮನ ಮುಂದ ಇಲ್ಲಂದಿದ್ದ."

ಅವರು ಹೇಳಿದಂತೆಯೇ ಬರೆದಿದ್ದೇನೆ.