ಹೆಂಗಸರ ಕಡೆಯ ಡಿವಿಡಿ

ಮದುವೆಯಲ್ಲಿ ಗಂಡಸರ ಕಡೆಯ ವಿಡಿಯೊ ತೆಗೆಯಲು ಗುಬ್ಬಿಯಲ್ಲಿ ಯಾರು ಬೇಕಾದರೂ ಸಿಗುತ್ತಿದ್ದರು. ಹೆಂಗಸರ ಕಡೆಗೆ ಮಾತ್ರ ಬಾನುವೇ ಬೇಕು. ಹಾಗಂತ ಅವಳೇನು ಭಾರಿ ಕೈಚಳಕದವಳಲ್ಲ. ಅರ್ಧ ಜನರ ತಲೆ ಅವಳ ವಿಡಿಯೊದಲ್ಲಿ ಕತ್ತರಿಸಿಹೋಗಿರುತ್ತಿತ್ತು. ಆದರೆ ಅವಳು ಒಂದು ಮಾತು ಕೊಡುತ್ತಿದ್ದಳು: ಇದರ ಮೇಲೆ ಗಂಡಸರ ಕಣ್ಣು ಬೀಳುವುದಿಲ್ಲ. ಆ ಮಾತು ನಂಬಿ ಅರಿಶಿನ ಹಚ್ಚುವ ಹಳದಿ ಶಾಸ್ತ್ರದಲ್ಲಿ ಹುಡುಗಿಯರು ಸಂಕೋಚ ಬಿಟ್ಟು ಕುಣಿಯುತ್ತಿದ್ದರು.

ಕ್ಯಾಸೆಟ್ ಕಾಲದಲ್ಲಿ ಮಾತು ಉಳಿಸಿಕೊಳ್ಳುವುದು ಸುಲಭವಿತ್ತು. ಕ್ಯಾಮೆರಾದಿಂದ ವಿಸಿಆರ್‌ಗೆ ಒಂದು ವೈರು ಚುಚ್ಚಿದರೆ ಕೆಲಸ ಮುಗಿಯಿತು. ಎರಡು ಸಾವಿರದ ಆರರ ಹೊತ್ತಿಗೆ ಎಲ್ಲರಿಗೂ ಡಿವಿಡಿಯ ಹುಚ್ಚು ಹತ್ತಿತು. ಬಾನು ತುಮಕೂರಿನ ಚನ್ನೇಶನ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಳು, ತಲೆನೋವನ್ನೂ ಜೊತೆಗೇ ತಂದಳು.

ಅದೇ ಊರಿನ ಸೈಮಾಳ ಮದುವೆ ಕುಣಿಗಲ್ ಹುಡುಗನ ಜೊತೆ ಆಯಿತು, ಹೆಂಗಸರ ಕಡೆಯ ವಿಡಿಯೊ ಬಾನುವೇ ತೆಗೆದಳು. ಸೈಮಾಳನ್ನು ಸಾಕಿದ ತಾಯಿಯ ತಾಯಿ, ನಾನಿ, ಸೊಂಟ ಮುರಿದುಕೊಂಡು ಮಲಗಿದ್ದರಿಂದ ಹಳದಿಯನ್ನೂ ನೋಡಲಿಲ್ಲ, ನಿಕಾಹನ್ನೂ ನೋಡಲಿಲ್ಲ. ಶುಕ್ರವಾರ ಜುಮ್ಮಗಿಯ ಔತಣಕ್ಕೆ ಹೊಸ ಜೋಡಿ ತವರಿಗೆ ಬರುತ್ತದೆ, ಅವತ್ತು ನಾನಿಗೆ ಡಿವಿಡಿ ತೋರಿಸಬೇಕು ಎಂದು ಸೈಮಾ ಹೇಳಿ ಹೋಗಿದ್ದಳು.

ಬಾನು ಮೊದಲು ಬರೆದ ಡಿಸ್ಕನ್ನು ಪ್ಲೇಯರ್ ಮೂಸಿಯೂ ನೋಡಲಿಲ್ಲ. ಫೈಲನ್ನು ಹಾಗೇ ತುರುಕಿದರೆ ಆಗದು, ಡಿವಿಡಿಗೆ ತಕ್ಕಂತೆ ಕನ್ವರ್ಟ್ ಮಾಡಬೇಕು ಎಂದು ಚನ್ನೇಶ ಫೋನಿನಲ್ಲಿ ಹೇಳಿದ. ಹಾಗೆ ಮಾಡಿದಳು. ಈಗ ಚಿತ್ರ ಬಂತು, ಧ್ವನಿ ಹಿಂದೆ ಬಿತ್ತು. ಸೈಮಾಳ ಚಿಕ್ಕಮ್ಮ ಹಾಡು ಮುಗಿಸಿ ಬಾಯಿಗೆ ಪಾನ್ ಹಾಕಿಕೊಂಡ ಮೇಲೆ ಹಾಡು ಕೇಳಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಸಿಪಿಯು ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತುಮಕೂರು ಬಸ್ಸು ಹತ್ತಿದಳು.

"ಬುಟ್ಟೋಗಿ ಅಕ್ಕ, ಸಂಜೆಗೆ ರೆಡಿ ಮಾಡಿಡ್ತೀನಿ," ಎಂದ ಚನ್ನೇಶ. ಸಿ.ಎಸ್. ಪುರದ ಹುಡುಗ, ಮರ್ಯಾದಸ್ಥ.

"ಬಿಟ್ಟು ಹೋಗಂಗಿಲ್ಲ. ನೀವು ನೋಡಂಗೂ ಇಲ್ಲ."

"ನೋಡ್ದೆ ಹೆಂಗಕ್ಕ ರಿಪೇರಿ ಮಾಡದು? ಕಣ್ಣು ಮುಚ್ಕೊಂಡು ಮಾಡ್ಲಾ?"

"ನೀವು ಆ ಕಡೆ ತಿರುಗಿ ಕೂತು ಹೇಳಿ. ನಾನು ಒತ್ತುತೀನಿ."

ಚನ್ನೇಶ ನಗಲಿಲ್ಲ. ಕುರ್ಚಿ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತ. ಮೇಲೆ ಸಿನಿಮಾ ಹಾಡು ಕೂರಿಸಲು ಅನುಕೂಲವೆಂದು ಬಾನು ಕ್ಯಾಮೆರಾದ ಧ್ವನಿಯನ್ನು ಕಡಿಮೆ ದರ್ಜೆಯಲ್ಲಿಟ್ಟಿದ್ದಳು. ತೊಡಕು ಅಲ್ಲೇ ಇತ್ತು. "ಸೌಂಡ್ ಹತ್ರ ಮೂವತ್ತೆರಡು ಅಂತ ಇರತ್ತೆ, ಅದನ್ನ ನಲವತ್ತೆಂಟು ಮಾಡಿ," ಎಂದು ಅವನು ಗೋಡೆಗೆ ಹೇಳಿದ. ಬಾನು ಮಾಡಿದಳು. ಚಿಕ್ಕಮ್ಮನ ತುಟಿಯೂ ಹಾಡೂ ಕೂಡಿ ಬಂದಾಗ ಅವಳಿಗೆ ಕುಣಿಯಬೇಕೆನಿಸಿತು.

ಡಿಸ್ಕ್ ಬರೆಯಲು ಹೊರಟಾಗ ಪರದೆಯ ಮೂಲೆಯಲ್ಲಿ ಒಂದು ಇಂಗ್ಲಿಷ್ ಚೌಕ ಎದ್ದು ನಿಂತಿತು. ಬಾನುವಿಗೆ ಉರ್ದು, ಕನ್ನಡ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಅಕ್ಷರ ಬರುತ್ತದೆ, ಪದ ಕೂಡಿ ಬರುವುದಿಲ್ಲ.

"ಒಂದೊಂದೇ ಅಕ್ಷರ ಓದಿ ಅಕ್ಕ."

ಅವಳು ಒಂದು ಸಾಲು ಓದಿದಳು. ಇನ್ನೂ ಮೂರು ಸಾಲಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಕರೆಂಟು ಹೋದರೆ ಎಲ್ಲ ಮೊದಲಿಂದ.

"ಥೂ, ಒಂದ್ಸಲ ನೋಡಿಬಿಡಿ," ಎಂದಳು.

ಚನ್ನೇಶ ತಿರುಗಿದ. ಚೌಕದ ಹಿಂದೆ ಸೈಮಾಳ ಚಿತ್ರ ನಿಂತುಹೋಗಿತ್ತು: ಕೂದಲು ಬಿಚ್ಚಿ, ಕೆನ್ನೆಗೆಲ್ಲ ಅರಿಶಿನ, ಬಾಯ್ತುಂಬ ನಗು. ಅವನು ಚೌಕ ಓದಿದ, ಒಂದು ಗುಂಡಿ ಒತ್ತಿದ, ಮತ್ತೆ ಗೋಡೆಗೆ ತಿರುಗಿದ. ಅವನ ಕಿವಿ ಕೆಂಪಾಗಿದ್ದನ್ನು ಬಾನು ಕಂಡಳು.

ವಾಪಸ್ ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿ ಅಮುಕಿ ಹಿಡಿದು ಕೂತಳು. ಸೈಮಾಳ ಚಿತ್ರಕ್ಕೆ ಒಂದು ನ್ಯೂಸ್‌ಪೇಪರ್ ಅಡ್ಡ ಹಿಡಿದಿದ್ದರೂ ಸಾಕಿತ್ತು. ಅಷ್ಟೂ ಹೊಳೆಯದ ಪೆದ್ದಿ ತಾನು ಎಂದು ಬೈದುಕೊಂಡಳು. ಹೊಳೆಯಲಿಲ್ಲವೋ, ಬೇಗ ಮುಗಿಯಲಿ ಎಂದು ಬೇಕಂತಲೇ ಕರೆದೆನೋ ಎಂದೂ ಅನ್ನಿಸಿತು. ಅದನ್ನು ಹೆಚ್ಚು ಕೆದಕುವ ಧೈರ್ಯವಾಗಲಿಲ್ಲ.

ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋದ ಮೇಲೆ ನಾನಿಯ ಮಂಚವನ್ನು ಟಿವಿಯ ಎದುರು ಎಳೆದರು. ಡಿಸ್ಕ್ ತಕರಾರಿಲ್ಲದೆ ಓಡಿತು. ಸೈಮಾ ನಾನಿಯ ಕಾಲ ಬಳಿ ಕೂತು ತನ್ನ ಕುಣಿತ ನೋಡಿ ತಾನೇ ನಕ್ಕಳು. ಅದೇ ನಗು ಪರದೆಯ ಮೇಲೂ ಬಂತು.

"ನಿನ್ನ ಕೈ ತಣ್ಣಗಿರ್ಲಿ ಬೇಟಿ," ನಾನಿ ಬಾನುವಿನ ಮೊಣಕೈ ಹಿಡಿದರು. "ನಿನ್ನ ನಂಬಿಕೊಂಡೇ ಇವಳು ಹಿಂಗೆ ನಗ್ತಾಳೆ ನೋಡು."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕೈ ಮೊಣಕೈ ಮೇಲೆ ಇರುವಾಗ ಬಾನುವಿಗೆ ಅದನ್ನು ಮುಚ್ಚಿಡಲಾಗಲಿಲ್ಲ.

"ಇದನ್ನ ಒಬ್ರು ನೋಡವ್ರೆ, ನಾನಿ. ಕಂಪ್ಯೂಟರ್ ಅಂಗಡಿಯವ್ರು. ತಪ್ಪು ಅವರ್ದಲ್ಲ, ನಾನೇ ಕರೆದೆ. ಒಂದೇ ಗಳಿಗೆ."

ನಾನಿ ಕೈ ತೆಗೆದರು. ಸೈಮಾ ಕೇಳಿದಳು, "ವಿಡಿಯೊದಲ್ಲಿ ಯಾವ ಜಾಗ ಅಕ್ಕ?"

"ಇದೇ."

ಸೈಮಾ ಟಿವಿಯಲ್ಲಿದ್ದ ತನ್ನನ್ನೇ ನೋಡುತ್ತಿದ್ದಳು. "ಹೋಗ್ಲಿ ಬಿಡಿ. ಬೇಕಂತ ಮಾಡಿಲ್ವಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬಾನು ಹೇಗೋ ತಡೆದುಕೊಳ್ಳುತ್ತಿದ್ದಳು. ಹಾಗೆನ್ನುತ್ತಲೇ ಸೈಮಾ ಭುಜದ ಮೇಲಿದ್ದ ದುಪಟ್ಟಾ ಎತ್ತಿ, ಒಂದು ಕೂದಲೂ ಕಾಣದಂತೆ ತಲೆ ತುಂಬ ಹೊದ್ದುಕೊಂಡಳು. ಆ ಕೋಣೆಯಲ್ಲಿ ಬಾನು ಮತ್ತು ಮನೆಯ ಹೆಂಗಸರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.