ಗೇಣೆತ್ತರದ ಕಿಂಡಿ

ಎಡಗಾಲಿನ ಶೂ ಹತ್ತುತ್ತಲೇ ಇರಲಿಲ್ಲ. ಮೈದುನ ಹಿಮ್ಮಡಿಯ ಕೆಳಗೆ ಚಮಚ ತೂರಿಸಿ ನೋಡಿದ. ಪಕ್ಕದ ಅಂಗಡಿಯ ಬೀಗದವನು ಮಂಡಿಯೂರಿ, ಸತ್ತ ಗೆಳೆಯನ ಪಾದವನ್ನು ಎದೆಗೆ ಆನಿಸಿಕೊಂಡು ಎಳೆದ. ಕಾಲು ಬೆಳಗಾಗುವುದರೊಳಗೆ ಊದಿಕೊಂಡಿತ್ತು.

“ಜೀವಮಾನವಿಡೀ ಕಂಡವರ ಶೂ ಸರಿಮಾಡಿದ. ತನ್ನ ಸರದಿ ಬಂದಾಗ ನೋಡು ಹಟ,” ಎಂದು ಬೀಗದವನು ಬೆವರು ಒರೆಸಿಕೊಂಡ.

“ಹೋಗ್ಲಿ ಬಿಡಿ, ಮೇಲೊಂದು ಬಟ್ಟೆ ಹೊದಿಸಿದ್ರಾಯ್ತು. ಕಾಲು ಯಾರು ನೋಡ್ತಾರೆ?” ಎಂದ ಮೈದುನ.

“ಕಾಲು ನೋಡ್ಕೊಂಡೇ ಬದುಕಿದವರು ಅವರು. ಬರಿಗಾಲಲ್ಲಿ ಕಳಿಸೋದು ಬೇಡ.”

ಅಷ್ಟು ಹೇಳಿ ಸತ್ತವನ ಹೆಂಡತಿ ಒಳಗೆ ಹೋಗಿ ಚಾಕು, ದಬ್ಬಳ, ಮೇಣ ಹಚ್ಚಿದ ದಾರ ತಂದಳು. ಗಂಡನ ಕಾಲ ಬಳಿ ಕೂತು ಶೂವಿನ ಹಿಂಬದಿಯ ಹೊಲಿಗೆಯನ್ನು ಮೇಲಿಂದ ಕೆಳಕ್ಕೆ ಬಿಚ್ಚಿದಳು. ಪಾದ ತಾನಾಗಿಯೇ ಒಳಗಿಳಿಯಿತು. ಆಮೇಲೆ ಕಾಲಿನ ಮೇಲೆಯೇ ಶೂ ಹೊಲಿಯತೊಡಗಿದಳು. ಚರ್ಮಕ್ಕೆ ತಾಗದಂತೆ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು, ಅವನಿಗೆ ನೋವಾದೀತು ಎಂಬಂತೆ.

ಮೈದುನ ಗಂಟಲು ಸರಿಮಾಡಿಕೊಂಡ. “ಅತ್ತಿಗೆ, ಸೋಮವಾರದಿಂದ ಅಂಗಡಿ ತೆಗೀತೀರಿ ಅಂತ ಕತ್ತಿವರಸೆ ಹಾಲ್‌ನವರಿಗೆ ಹೇಳಿಬಿಟ್ಟಿದೀನಿ.”

ದಬ್ಬಳ ನಿಂತಿತು. “ಹೇಳಿಬಿಟ್ಟೆಯಾ?”

“ಅಲ್ಲ, ನೀವು ಮನೇಲಿ ಒಬ್ಬರೇ ಕೂತು ಏನು ಮಾಡ್ತೀರಿ? ಮುಂದಿನ ವಾರ ಅವರ ಪಂದ್ಯ ಬೇರೆ ಇದೆಯಂತೆ. ಗ್ಲೌಸು, ಚೀಲ ಎಲ್ಲ ಅರ್ಧಕ್ಕೇ ನಿಂತಿದೆ. ಅಣ್ಣನ ಸ್ಟೂಲು ಖಾಲಿ ಬಿಡಬಾರದು.” ಅವನು ಜೇಬಿನಿಂದ ಅಂಗಡಿಯ ಕೀ ತೆಗೆದು, ತುಂಬ ಗೌರವದಿಂದ ಆಕೆಯ ಪಕ್ಕದಲ್ಲಿಟ್ಟ.

ಬಾಗಿಲಲ್ಲಿ ನಿಂತಿದ್ದವರೆಲ್ಲ ತಲೆಯಾಡಿಸಿದರು. ಹೌದು ಹೌದು, ಅದೇ ಸರಿ. ಒಬ್ಬರಾದರೂ ಆಕೆಯನ್ನು ಕೇಳಲಿಲ್ಲ. ‘ಅಂಗಡಿಯ ಆ ಒಂಬತ್ತು ಮೆಟ್ಟಿಲು ನಾನು ಇನ್ನು ಇಳಿಯಲಾರೆ’ ಎಂದು ಆಕೆ ಮನಸ್ಸಿನಲ್ಲೇ ಅಂದುಕೊಂಡಳು. ಆಕೆ ದಾರದ ತುದಿಗೆ ಗಂಟು ಹಾಕಿ ಹಲ್ಲಿನಿಂದ ಕಡಿದಳು.

*

ಅಂಗಡಿ ಇದ್ದದ್ದು ಕತ್ತಿವರಸೆಯ ಹಾಲ್‌ನ ನೆಲಮಾಳಿಗೆಯಲ್ಲಿ. ಹಿಂದೆ ಮುರಿದ ಕುರ್ಚಿ ಪೇರಿಸಿಡುತ್ತಿದ್ದ ಕೋಣೆ. ಬಾಗಿಲು ಹಾಕಿದರೆ ಹಗಲೂ ಇಲ್ಲ, ಗಾಳಿಯೂ ಇಲ್ಲ. ಅಂಟಿನ ಘಾಟು ಮಾತ್ರ ಇದ್ದಲ್ಲೇ ಇರುತ್ತಿತ್ತು. ಸೂರಿಗೆ ತಾಗಿದಂತೆ ಗೇಣೆತ್ತರದ ಒಂದು ಕಿಂಡಿ, ಅದಕ್ಕೆ ನಾಲ್ಕು ಕಂಬಿ. ಆ ಕಿಂಡಿ ತೆರೆದುಕೊಳ್ಳುತ್ತಿದ್ದುದು ಮೇಲಿನ ಹಾಲ್‌ನ ನೆಲಕ್ಕೆ. ಎತ್ತರದ ಸ್ಟೂಲಿನ ಮೇಲೆ ಕೂತವನಿಗೆ ಆಟಗಾರರ ಕಾಲು ಕಾಣುತ್ತಿತ್ತು, ಮೊಣಕಾಲಿನವರೆಗೆ. ಅದಕ್ಕಿಂತ ಮೇಲೆ ಏನೂ ಇಲ್ಲ.

ಮೂರು ಬಗೆಯ ಕತ್ತಿಗಳಲ್ಲಿ ಅಲ್ಲಿ ಆಡುತ್ತಿದ್ದುದು ಎಪೇ ಒಂದೇ. ಎಪೇಯಲ್ಲಿ ನೆತ್ತಿಯಿಂದ ಕಾಲ್ಬೆರಳಿನವರೆಗೆ ಎಲ್ಲಿ ಚುಚ್ಚಿದರೂ ಅಂಕ. ಇಬ್ಬರೂ ಒಂದೇ ಗಳಿಗೆಗೆ ಚುಚ್ಚಿದರೆ ಇಬ್ಬರಿಗೂ ಅಂಕ. ಒಬ್ಬರಿಗೆ ಕೆಂಪು ದೀಪ, ಇನ್ನೊಬ್ಬರಿಗೆ ಹಸಿರು. ಕಿಂಡಿಯಿಂದ ದೀಪ ಕಾಣದಿದ್ದರೂ ನುಣುಪು ನೆಲದ ಮೇಲೆ ಅದರ ಬಣ್ಣ ಬಿದ್ದದ್ದು ಕಾಣುತ್ತಿತ್ತು. ಆಕೆಯ ಗಂಡನಿಗೆ ಅಷ್ಟು ಸಾಕಾಗಿತ್ತು.

“ಕೇಳಿಲ್ಲೇ, ಹೆಬ್ಬೆರಳು ಎತ್ತಿದ… ಬರ್ತಾನೆ ನೋಡು, ಬಂದ, ಬಂದ… ಅಯ್ಯೋ, ಹಸಿರು! ಹಿಂಗಾಲಿಗೆ ಭಾರ ಕೊಟ್ಟವನು ಉಳಿಯಲ್ಲ ಅಂತ ಬಡ್ಕೊಂಡೆ ನಾನು.”

ಮಧ್ಯಾಹ್ನ ಬೀಗದವನು ಇಳಿದು ಬಂದರೆ ಮಾತಿಗೆ ಮಾತು.

“ಕಾಲು ನೋಡಿ ಜಾತಕ ಹೇಳ್ತೀಯಲ್ಲೋ! ಮಣಿಕಟ್ಟಿಗೆ ಹೊಡೆದನೋ, ಭುಜಕ್ಕೋ, ಹೇಳು ನೋಡೋಣ.”

“ಮಣಿಕಟ್ಟಿಗೆ. ಭುಜಕ್ಕಾಗಿದ್ರೆ ಇನ್ನರ್ಧ ಹೆಜ್ಜೆ ಬೇಕಿತ್ತು. ನೀನು ಬೀಗದ ತೂತಲ್ಲಿ ನೋಡೋನು, ನಿನಗೇನು ಗೊತ್ತು?”

ಯಾರಾದರೂ ಎದುರಾಳಿಯ ಕಾಲ್ಬೆರಳಿಗೇ ಗುರಿಯಿಟ್ಟರೆ ಕತ್ತಿಯ ತುದಿ ಕಿಂಡಿಯ ಚೌಕಟ್ಟಿನೊಳಗೆ ಮಿಂಚಿ ಹೋಗುತ್ತಿತ್ತು. ಆ ದಿನ ಇಬ್ಬರೂ ಮಕ್ಕಳಂತೆ ಕುಣಿಯುತ್ತಿದ್ದರು.

ಆಕೆ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು, ಕಿಂಡಿಗೆ ಬೆನ್ನು ಹಾಕಿ. “ಒಂದು ಸಲ ನಾನೂ ಈ ಕಡೆ ತಿರುಗಿ ಕೂರ್ಲಾ?” ಎಂದು ಮೊದಲ ವರ್ಷವೇ ಕೇಳಿದ್ದಳು. “ಬೆಳಕು ನಿನ್ನ ಬೆನ್ನ ಕಡೆಯಿಂದ ಬಂದ್ರೇ ಹೊಲಿಗೆ ನೆಟ್ಟಗಿರೋದು ಕಣೇ. ನಾನಿದೀನಲ್ಲ, ಹೇಳ್ತೀನಿ. ಕಣ್ಣು ನಂದು, ಕಿವಿ ನಿಂದು,” ಎಂದಿದ್ದ. ಬೆಳಕಿನ ಮಾತು ಸುಳ್ಳೂ ಆಗಿರಲಿಲ್ಲ. ಅದೇ ಕಷ್ಟ.

ಕೇಳುವುದು ಆಕೆಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಸಂಜೆ ದೀಪದ ಮುಂದೆ ಯುದ್ಧದ ಕಥೆಯ ಪದ ಹೇಳುತ್ತಿದ್ದಳು. ಆ ಯುದ್ಧಗಳನ್ನು ಅಜ್ಜಿಯೂ ಕಂಡವಳಲ್ಲ, ಯಾರಿಂದಲೋ ಕೇಳಿದವಳು. ಕೇಳಿದ್ದಕ್ಕೇ ಕೈ ಮುಗಿಯುತ್ತಿದ್ದರು. ಹಾಗೆಯೇ ಗಂಡನ ಮಾತನ್ನೂ ಮೂವತ್ತನಾಲ್ಕು ವರ್ಷ ಕೇಳಿದಳು. ಅವನು ಕೆಟ್ಟವನಲ್ಲ. ಮನೆಯಲ್ಲಿ ಜಗಳವಾಗಿ ಇಬ್ಬರ ಮಾತೂ ನಾಟಿದರೆ, ತಾನೇ ಮೊದಲು ನಕ್ಕು “ಇಬ್ಬರಿಗೂ ದೀಪ” ಎನ್ನುತ್ತಿದ್ದ. ಆದರೆ ಮನೆಯಿಂದ ಮೆಟ್ಟಿಲು, ಮೆಟ್ಟಿಲಿಂದ ಮನೆ. ಕೆಲವು ದಿನ ಆಕೆಗೆ ಉಸಿರು ಕಟ್ಟಿದಂತಾಗಿ ಮಿಷನ್ನಿನ ಚಕ್ರ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಅವನ ಕಣ್ಣು ಮೇಲಿರುತ್ತಿತ್ತು.

ಅವನ ಮೆಚ್ಚಿನವನು ಪೈಲ್ವಾನ. ಅದು ಅವನೇ ಇಟ್ಟ ಹೆಸರು. ದೊಡ್ಡ ಶೂ, ಎಡಗೈ ಆಟ. ಎಡಗೈಯವರಿಗೆ ಎಡಗಾಲು ಮುಂದೆ, ಬಲಗಾಲು ಹಿಂದೆ ಎಳೆದಾಡಿ ಅದರ ಒಳಅಂಚು ಸವೆಯುತ್ತದೆ. ಪೈಲ್ವಾನ ಮುಂದಕ್ಕೆ ಧುಮುಕಿದರೆ ಧಬ್ ಎಂದು ಕಿಂಡಿಯ ಧೂಳು ಆಕೆಯ ಬೈತಲೆಯ ಮೇಲೆ ಉದುರುತ್ತಿತ್ತು. ಶೂಗಳು ಕ್ಲಬ್ಬಿನ ಗೋಣಿಚೀಲದಲ್ಲಿ ನಂಬರಿನ ಚೀಟಿಯೊಂದಿಗೆ ಬಂದು ಹಾಗೆಯೇ ಹೋಗುತ್ತಿದ್ದುದರಿಂದ ಆಸಾಮಿಯನ್ನು ಕಂಡವರಿಲ್ಲ. ಆ ಒಳಅಂಚಿಗೆ ಎಷ್ಟು ಸಲ ತೇಪೆ ಹೊಲಿದಿದ್ದಳೋ.

ಒಂದು ವರ್ಷ ಕ್ಲಬ್ಬಿನವರು ತಮ್ಮ ವಾರ್ಷಿಕ ಪಂದ್ಯಕ್ಕೆ ಎರಡು ಪಾಸು ಕಳಿಸಿದರು. ಮೇಲೆ, ಬೆಂಚಿನಲ್ಲಿ ಕೂತು ನೋಡುವ ಪಾಸು. ಆಕೆ ಬೆಳಗ್ಗೆಯೇ ತಲೆ ಬಾಚಿ ಒಳ್ಳೆಯ ಬಟ್ಟೆ ಹಾಕಿಕೊಂಡಳು. ಮೆಟ್ಟಿಲ ಬಳಿ ಬಂದಾಗ ಅವನು ನಿಂತುಬಿಟ್ಟ.

“ಬೇಡ ಕಣೇ. ಮೇಲೆ ಕೂತ್ರೆ ಮುಖ ಕಾಣುತ್ತೆ. ಮುಖ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ. ಬಾ, ನಾನು ಹೇಳ್ತೀನಿ.”

ಒಳ್ಳೆಯ ಬಟ್ಟೆಯಲ್ಲೇ ಆಕೆ ಮಿಷನ್ನಿನ ಮುಂದೆ ಕೂತಳು. ಅಂದು ಪೈಲ್ವಾನ ಹಿಂದೆ ಹಿಂದೆ ಸರಿದು ಆಡುವ ಉದ್ದನೆಯ ಪಟ್ಟಿಯ ಕೊನೆಯ ಗೆರೆಗೆ ಬಂದು ನಿಂತಿದ್ದ. ಎರಡೂ ಕಾಲು ಗೆರೆ ದಾಟಿದರೆ ಎದುರಾಳಿಗೆ ಅಂಕ. ಒಂದು ಒಳಗಿದ್ದರೆ ಇನ್ನೂ ಆಟ ಇದೆ. “ಬಲಗಾಲು ಹೊರಗೆ, ಎಡಗಾಲು ಒಳಗೆ! ಅಲ್ಲಾಡ್ತಿಲ್ಲ ಕಣೇ, ಬಂಡೆ! ಗಂಡೆದೆ ಅಂದ್ರೆ ಇದು!” ಎಂದು ಅವನು ಸ್ಟೂಲಿನ ಮೇಲೆ ಎದ್ದು ನಿಂತಿದ್ದ. ಆ ಬಂಡೆಯನ್ನು ಆಕೆ ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ತನಗೆ ಉಸಿರು ಕಟ್ಟಿದಾಗೆಲ್ಲ, ಪೈಲ್ವಾನ ನಿಂತಿರಲಿಲ್ಲವೇ, ನಾನೂ ನಿಲ್ಲಬೇಕು ಎಂದುಕೊಳ್ಳುತ್ತಿದ್ದಳು.

*

ಹತ್ತು ಗಂಟೆಗೆ ದೇಹವನ್ನು ಅಂಗಳದಲ್ಲಿಟ್ಟ ಮೇಲೆ ಜನ ಬರತೊಡಗಿದರು. ಆಕೆ ಗಂಡನ ತಲೆಯ ಬಳಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕಂಡದ್ದೆಲ್ಲ ಶೂಗಳೇ. ಇದಕ್ಕೆ ಹಿಮ್ಮಡಿ ಬದಲಿಸಿದ್ದು, ಇದಕ್ಕೆ ಅಟ್ಟೆ ಅಂಟಿಸಿದ್ದು. ಬಂದವು, ನಿಂತವು, ಹೋದವು.

ಆಮೇಲೆ ಒಂದು ಜೊತೆ ದೊಡ್ಡ ಬಿಳಿ ಶೂ ಬಂದು ಎದುರಿಗೆ ನಿಂತಿತು. ಬಲಗಾಲಿನ ಒಳಅಂಚಿನಲ್ಲಿ ಕಂದು ತೊಗಲಿನ ತೇಪೆ, ಅದರ ಸುತ್ತ ಎರಡೆರಡು ಸಾಲು ಹೊಲಿಗೆ. ತನ್ನ ಕೈಯದೇ.

ಆಕೆ ತಲೆಯೆತ್ತಿದಳು. ಒಣಕಲು ಮೈಯ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹೂ ಹಿಡಿದು ನಿಂತಿದ್ದಳು.

“ಪೈಲ್ವಾನ!” ಎಂದು ಕಿರುಚಿದ ಬೀಗದವನು ಬಾಯಿ ಮುಚ್ಚಿಕೊಂಡ.

“ಈ ಶೂ ಯಾರದಮ್ಮಾ?” ಎಂದು ಆಕೆ ಕೇಳಿದಳು.

“ನಂದೇ ಅಮ್ಮಾ. ಮೊದಲು ನಮ್ಮಣ್ಣಂದು. ನನಗೆ ದೊಡ್ಡದು, ಬೆರಳ ಹತ್ರ ಬಟ್ಟೆ ತುರುಕಿಕೊಂಡು ಆಡ್ತೀನಿ. ಅದಕ್ಕೇ ಹೆಜ್ಜೆ ಧಬ್ ಅನ್ನುತ್ತೆ, ಎಲ್ಲರೂ ಬೈತಾರೆ. ಇವರು ಹೊಲಿದುಕೊಡದೆ ಇದ್ದಿದ್ರೆ ಈ ಶೂ ಯಾವತ್ತೋ ಹೋಗ್ತಿತ್ತು. ಒಂದು ಸಲ ಬಂದು ಮಾತಾಡ್ಸಬೇಕು ಅಂದ್ಕೊಳ್ತಾನೇ ಉಳಿದುಬಿಟ್ಟೆ.”

“ಹನ್ನೊಂದು ವರ್ಷ ನಿನ್ನ ಮೀಸೆ ವಿಷಯಕ್ಕೆ ಜಗಳ ಆಡಿದೀವಿ ತಾಯಿ,” ಎಂದ ಬೀಗದವನು. “ಇವನು ದಪ್ಪ ಮೀಸೆ ಅಂತಾನೆ, ನಾನು ತೆಳು ಅಂತೀನಿ.”

ಎಲ್ಲಿಂದಲೋ ನಗು ಬಂತು. ಯಾರೋ ಕೆಮ್ಮಿ ಅದನ್ನು ಮುಚ್ಚಿದರು. ಆಕೆ ಮಾತ್ರ ನಗಲಿಲ್ಲ.

“ವಾರ್ಷಿಕ ಪಂದ್ಯ ಒಂದರಲ್ಲಿ ಕೊನೆ ಗೆರೆ ಮೇಲೆ ನಿಂತಿದ್ದೆಯಲ್ಲ,” ಎಂದಳು. “ಒಂದು ಕಾಲು ಒಳಗೆ, ಒಂದು ಹೊರಗೆ. ಅಲ್ಲಾಡಲಿಲ್ಲವಂತೆ. ಏನು ಧೈರ್ಯ ನಿಂದು.”

“ಧೈರ್ಯಾನಾ?” ಹೆಂಗಸು ಹೂವನ್ನು ಕೆಳಗಿಟ್ಟಳು. “ಕಾಲು ಎತ್ತೋಕೇ ಆಗ್ತಿರಲಿಲ್ಲ ಅಮ್ಮಾ. ಮುಂದೆ ಹೋಗೋಕೆ ಭಯ, ಹಿಂದೆ ಹೋದ್ರೆ ಎಲ್ಲರೂ ನೋಡ್ತಿದಾರೆ. ಒಳಗೊಳಗೇ ಅಳ್ತಾ ನಿಂತಿದ್ದೆ. ಈ ಇನ್ನೊಂದು ಕಾಲೂ ಹೊರಗೆ ಹಾಕಿಬಿಟ್ರೆ ಮುಗೀತಲ್ಲ, ಮನೆಗೆ ಹೋಗಬಹುದಲ್ಲ ಅನ್ನಿಸ್ತಿತ್ತು.”

“ಮುಖ ನೋಡಿದವರಿಗೆ ತಿಳೀಲಿಲ್ವಾ?”

“ಮುಖ ಯಾರಿಗೆ ಕಾಣುತ್ತೆ? ಜಾಲರಿ ಹಾಕಿರ್ತೀವಲ್ಲ.”

ಜಾಲರಿ. ಆ ತಂತಿಯ ಮುಖವಾಡಗಳ ಪಟ್ಟಿಗಳನ್ನು ಆಕೆಯೇ ಹೊಲಿದಿದ್ದಳು, ಲೆಕ್ಕವಿಲ್ಲದಷ್ಟು. ಕೈಗೆ ಗೊತ್ತಿದ್ದದ್ದು ತಲೆಗೆ ಹೊಳೆದಿರಲಿಲ್ಲ. ಮೇಲೆ ಕೂತರೂ ಯಾವ ಮುಖವೂ ಕಾಣುತ್ತಿರಲಿಲ್ಲ.

ಶವವಾಹನ ಬಂದಾಗ ಎಲ್ಲರೂ ಎದ್ದರು. ಆಕೆ ಬೀಗದವನ ತೋಳು ಹಿಡಿದು ನಿಲ್ಲಿಸಿದಳು. “ಬೀಗದಣ್ಣ, ಅವತ್ತು ಪಾಸಿತ್ತು. ಇವರು ಯಾಕೆ ನನ್ನ ಕರ್ಕೊಂಡು ಹೋಗಲಿಲ್ಲ?”

ಅವನು ನೆಲ ನೋಡಿದ. “ನಾನೂ ಕೇಳಿದ್ದೆ ಅಕ್ಕ. ‘ಅವಳೇ ನೋಡಿಬಿಟ್ರೆ, ಆಮೇಲೆ ನನ್ನ ಮಾತು ಯಾರಿಗೆ ಬೇಕೋ?’ ಅಂದ.”

ಆಕೆ ಗಂಡನ ಕಾಲ ಬಳಿ ಹೋಗಿ, ಹೊಲಿಗೆ ನಿಂತಿದೆಯೇ ಎಂದು ಬೆರಳಾಡಿಸಿ ನೋಡಿದಳು. ನಿಂತಿತ್ತು.

*

ಮಣ್ಣು ಮುಗಿಸಿ ಬರುವಾಗ ಸಂಜೆಯಾಗಿತ್ತು. ಮೈದುನ ಗಾಡಿಯನ್ನು ಹಾಲ್‌ನ ಎದುರಿಗೇ ನಿಲ್ಲಿಸಿದ. “ಆ ಗ್ಲೌಸುಗಳನ್ನ ಒಂದು ಸಲ ನೋಡಿಬಿಡಿ ಅತ್ತಿಗೆ. ಸೋಮವಾರ ಸಲೀಸಾಗುತ್ತೆ. ನಾನು ನೆಂಟರನ್ನ ಬಸ್ಸಿಗೆ ಬಿಟ್ಟು ಒಂದು ಗಂಟೇಲಿ ಗಾಡಿ ತರ್ತೀನಿ.”

ಆಕೆ ಮೆಟ್ಟಿಲಿಳಿದಳು. ಮೂವತ್ತನಾಲ್ಕು ವರ್ಷ ಇಳಿದ ಕಾಲಿಗೆ ಲೆಕ್ಕ ಬೇಕಿರಲಿಲ್ಲ. ಅಂಟಿನ ಘಾಟು ಎದುರುಗೊಂಡಿತು. ಅವನ ಚಾಕು, ಮೊಳೆ ಡಬ್ಬಿ, ಶೂ ಕವುಚಿ ಹಾಕುವ ಕಬ್ಬಿಣದ ಪಾದ ಎಲ್ಲ ಸ್ಟೂಲಿನ ಸುತ್ತ ಇದ್ದಲ್ಲೇ ಇದ್ದವು. ಆಕೆ ಮಿಷನ್ನಿನ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ಗ್ಲೌಸುಗಳನ್ನು ಒಂದೊಂದಾಗಿ ಹೊಲಿದು ಮುಗಿಸಿದಳು. ತಲೆಯ ಮೇಲೆ ಹೆಜ್ಜೆಗಳು ಓಡಾಡುತ್ತಿದ್ದವು. ಹೇಳುವವರಿರಲಿಲ್ಲ.

ಕೊನೆಯ ದಾರ ಕಡಿದು, ಅವನ ಸ್ಟೂಲು ಹತ್ತಿ ಕೂತಳು. ಕಿಂಡಿಯಲ್ಲಿ ಕಾಲುಗಳು ಬಂದವು, ಹೋದವು. ಅದರಲ್ಲಿ ಗಂಡೆದೆ ಯಾವುದು, ಅಳು ಯಾವುದು? ಎಷ್ಟು ನೋಡಿದರೂ ಬರೀ ಕಾಲು. ಪಾಪ, ಇಷ್ಟನ್ನೇ ಹಿಡಿದುಕೊಂಡು ಅಷ್ಟೆಲ್ಲ ಹೇಳಿದನಲ್ಲ ಎನ್ನಿಸಿ, ಬೆಳಗಿನಿಂದ ಬಾರದಿದ್ದ ಕಣ್ಣೀರು ಆಗ ಬಂತು.

ಗ್ಲೌಸಿನ ಚೀಲ ಎತ್ತಿಕೊಂಡು ಮೇಲೆ ಬಂದು ಬಾಗಿಲಿಗೆ ಬೀಗ ಹಾಕಿದಳು. ಗಾಡಿ ಬೀದಿಯ ತುದಿಯಲ್ಲಿ ತಿರುಗುತ್ತಿತ್ತು. ಆಕೆ ಅತ್ತ ಹೋಗದೆ, ಕಟ್ಟಡವನ್ನು ಬಳಸಿ ದೊಡ್ಡ ಬಾಗಿಲಿನಿಂದ ಹಾಲ್‌ನ ಒಳಗೆ ಹೋದಳು.

ಇಷ್ಟು ಎತ್ತರದ ಸೂರು ಇದೆ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ಚೀಲವನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಗೋಡೆಯ ಅಂಚಿನಲ್ಲಿ ನಡೆದಳು. ಮೊದಲ ಸಾಲಿನ ಬೆಂಚಿನ ಕೆಳಗೆ ಕಿಂಡಿ ಇತ್ತು. ಇತ್ತ ಕಡೆಯಿಂದ ಅದು ನೀರು ಹೋಗುವ ತೂತಿನಂತಿತ್ತು, ಅಷ್ಟೇ. ಆಕೆ ಬಗ್ಗಿ, ಕಂಬಿಗಳ ನಡುವೆ ಕೈ ತೂರಿಸಿ, ಕೀ ಬಿಟ್ಟಳು. ಕೆಳಗೆ ಕಬ್ಬಿಣದ ಪಾದಕ್ಕೆ ಬಿದ್ದು ಠಣ್ ಎಂದಿತು.

ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಮೈದುನ ಓಡಿಬಂದ. “ಅತ್ತಿಗೆ! ಇಲ್ಲೇನು ಮಾಡ್ತಿದೀರಿ? ಅಂಗಡಿ ಕೀ ಎಲ್ಲಿ?”

ಪಟ್ಟಿಯ ಪಕ್ಕ ನಿಂತಿದ್ದ ರೆಫ್ರಿ ತಿರುಗಿ ಗುರಾಯಿಸಿದ.

“ಶ್,” ಎಂದಳು ಆಕೆ. “ಆಟ ನಡೀವಾಗ ಮಾತಾಡಬಾರದು.”

ಮೈದುನ ಬಾಯಿ ತೆರೆದವನು, ಸುತ್ತ ನೋಡಿ, ಪಕ್ಕದಲ್ಲಿ ಕುಳಿತ.

ಒಬ್ಬರನ್ನು ಇನ್ನೊಬ್ಬರು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿಕೊಂಡು ಬರುತ್ತಿದ್ದರು. ತೇಪೆ ಹಾಕಿದ ಬಿಳಿ ಶೂ ಆಕೆಯ ಎದುರಿಗೇ ಬಂದು, ಗೆರೆಯ ಆಚೆ ಇಳಿದು ನಿಂತಿತು. ಎಡಗಾಲು ಇನ್ನೂ ಒಳಗಿತ್ತು. ಆಕೆ ಶೂವಿನಿಂದ ನಿಧಾನವಾಗಿ ಕಣ್ಣು ಮೇಲೆತ್ತಿದಳು. ಮೊಣಕಾಲು, ಅದರ ಮೇಲೆ ನಡುಗುವ ತೊಡೆ, ಸೊಂಟ, ಚಾಚಿದ ತೆಳ್ಳನೆಯ ತೋಳು, ಕತ್ತಿನ ಬೆವರು, ಜಾಲರಿ. ಜಾಲರಿಯ ಹಿಂದೆ ಏರಿಳಿಯುವ ಉಸಿರು.